ಕರ್ಮವೀರ ಭಾವುರಾವ ಪಾಟೀಲರು: ಮನೆತನದ ಸಂಸ್ಕಾರ ಮತ್ತು ಬಾಳಿನ ವ್ರತ

ಜೈನ ಗೃಹಸ್ಥನ ಬಾಳಿಗೆ ಐದು ಅಣುವ್ರತಗಳು ಆಧಾರಸ್ತಂಭಗಳು. ಅಹಿಂಸೆ, ಸತ್ಯ, ಅಚೌರ್ಯ, ಸ್ವದಾರಸಂತೋಷ, ಪರಿಗ್ರಹಪರಿಮಾಣ ಎಂಬ ಈ ಐದನ್ನು ಕಾಯುವುದಕ್ಕಾಗಿ ಹಿರಿಯರು ಉಪವಾಸ, ಏಕಭುಕ್ತ, ರಸತ್ಯಾಗ, ರಾತ್ರಿಭೋಜನತ್ಯಾಗ, ಸೋಸಿದ ನೀರಿನ ಸೇವನೆ ಮೊದಲಾದ ನಿಯಮಗಳನ್ನು ಬೇಲಿಯಂತೆ ಕಟ್ಟಿದರು. ಬೇಲಿಯಿಲ್ಲದ ಹೊಲದಲ್ಲಿ ಬೆಳೆ ಉಳಿಯದು. ಹಾಗೆಯೇ ಬೆಳೆಯನ್ನು ಮರೆತು ಬೇಲಿಯನ್ನು ಮಾತ್ರ ಎತ್ತರಿಸುತ್ತ ಹೋದ ಒಕ್ಕಲಿಗನ ಕಣಜಕ್ಕೆ ಕಾಳು ಬಾರದು. ನಿಯಮವೆಲ್ಲಿ ವ್ರತವನ್ನು ಕಾಯುತ್ತದೆ, ಎಲ್ಲಿ ವ್ರತಕ್ಕೇ ಅಡ್ಡಬರುತ್ತದೆ ಎಂಬುದನ್ನು ಅರಿಯುವುದು ಶ್ರಾವಕನ ವಿವೇಕಕ್ಕೆ ಸೇರಿದ ವಿಷಯ.

ಈ ವಿವೇಕದ ಪರೀಕ್ಷೆಯನ್ನು ಎಳೆಯ ವಯಸ್ಸಿನಲ್ಲಿಯೇ ಎದುರಿಸಿ, ಅದಕ್ಕಾಗಿ ಅನ್ನವನ್ನೂ ಆಶ್ರಯವನ್ನೂ ಕಳೆದುಕೊಂಡು, ಮುಂದೆ ಸಾವಿರಾರು ದೀನ ಬಾಲಕರಿಗೆ ಅನ್ನ ಆಶ್ರಯಗಳನ್ನು ಕೊಟ್ಟ ಮಹನೀಯರು ಕರ್ಮವೀರ ಭಾವುರಾವ ಪಾಟೀಲರು. ಮಹಾರಾಷ್ಟ್ರದಲ್ಲಿ ಅವರ ಹೆಸರನ್ನು ಅರಿಯದ ಹಳ್ಳಿಯಿಲ್ಲ. ಆದರೆ ಅವರು ದಿಗಂಬರ ಜೈನ ಮನೆತನದವರೆಂಬುದೂ, ಆ ಮನೆತನದ ಬೇರು ಕನ್ನಡ ನೆಲದಲ್ಲಿತ್ತೆಂಬುದೂ ಕರ್ನಾಟಕದ ಅನೇಕ ಶ್ರಾವಕ ಗೃಹಗಳಲ್ಲಿ ತಿಳಿದಿರಲಾರದು. ಶಾಲೆಯ ಬಾಗಿಲು, ಬಾವಿಯ ಕಟ್ಟೆ, ಊಟದ ಪಂಕ್ತಿ ಇವು ಹುಟ್ಟಿನ ಕಾರಣದಿಂದ ಯಾರಿಗೂ ಮುಚ್ಚಬಾರದೆಂದು ಹೋರಾಡಿದ ಈ ಪುರುಷನು ರೂಪುಗೊಂಡದ್ದು ಹೇಗೆ ಎಂಬುದನ್ನು ಅವರ ಬಾಲ್ಯದಲ್ಲಿಯೂ ಮನೆಯಲ್ಲಿಯೂ ಹುಡುಕಬೇಕು.

ಮನೆತನ

ಭಾವುರಾವರು ೧೮೮೭ನೆಯ ಇಸವಿಯ ಸೆಪ್ಟೆಂಬರ್ ೨೨ರಂದು ಕೊಲ್ಹಾಪುರ ಸೀಮೆಯ ಕುಂಭೋಜ ಗ್ರಾಮದಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ತಂದೆ ಪಾಯಗೌಂಡ ಪಾಟೀಲರು, ತಾಯಿ ಗಂಗಾಬಾಯಿ. ಕುಂಭೋಜದ ಬಳಿಯ ಬೆಟ್ಟವು ಜೈನರಿಗೆ ಪುರಾತನ ಕ್ಷೇತ್ರ. ೧೯೬೩ರಲ್ಲಿ ಅಲ್ಲಿ ಸ್ಥಾಪಿತವಾದ ೨೮ ಅಡಿಯ ಬಾಹುಬಲಿ ಮೂರ್ತಿಯಿಂದಾಗಿ ಈಗ ಆ ಊರು ಕುಂಭೋಜ-ಬಾಹುಬಲಿಯೆಂದು ಯಾತ್ರಿಕರಿಗೆ ಪರಿಚಿತವಾಗಿದೆ. ತಂದೆಯ ಊರು ವಾಳವೆ ತಾಲೂಕಿನ ಐತವಡೆ ಬುದ್ರುಕ. ಈ ಮನೆತನದ ಪೂರ್ವಿಕರು ದಕ್ಷಿಣ ಕನ್ನಡದ ಮೂಡಬಿದಿರೆಯಿಂದ ಹೊರಟು ಬಂದವರು, ದೇಸಾಯಿ ಎಂಬುದು ಅವರ ಮೊದಲಿನ ಅಡ್ಡಹೆಸರು, ಐತವಡೆಯಲ್ಲಿ ಪಾಟೀಲಿಕೆ ದೊರೆತ ಮೇಲೆ ಪಾಟೀಲರೆನಿಸಿದರು ಎಂದು ಅವರ ಚರಿತ್ರಕಾರರು ಹೇಳುವರು. ಭಾಷೆ ಮರಾಠಿಯಾದರೂ ಹೆಸರಿನಲ್ಲಿ ಕನ್ನಡದ ಗುರುತು ಉಳಿದಿತ್ತು. ಪಾಯಗೌಂಡ, ದೇವಗೌಂಡ ಮುಂತಾದ ಹೆಸರುಗಳ ಕೊನೆಯಲ್ಲಿರುವುದು ಕನ್ನಡದ ಗೌಡ ಶಬ್ದವೇ.

ಕೃಷ್ಣೆ, ವಾರಣೆ, ಪಂಚಗಂಗೆ, ದೂಧಗಂಗೆ, ವೇದಗಂಗೆಗಳ ತೀರದಲ್ಲಿ ಬೇಸಾಯಗಾರರಾದ ಜೈನ ಪಾಟೀಲ ಮನೆತನಗಳು ಹಲವು. ಆ ನಾಡಿನ ಧರ್ಮನಿಷ್ಠೆ ಎಂಥದೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಬೆಳಗಾವಿ ಜಿಲ್ಲೆಯ ಭೋಜದ ಪಾಟೀಲ ಮನೆತನದಲ್ಲಿ ೧೮೭೨ರಲ್ಲಿ ಜನಿಸಿದ ಸಾತಗೌಡರೇ ಮುಂದೆ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮುನಿಮಹಾರಾಜರಾದರು. ಒಂದೇ ಸೀಮೆ, ಒಂದೇ ಬಗೆಯ ಮನೆಗಳು; ಒಬ್ಬರು ಮಹಾವ್ರತದ ದಾರಿ ಹಿಡಿದರು, ಇನ್ನೊಬ್ಬರು ಗೃಹಸ್ಥರಾಗಿಯೇ ಉಳಿದು ಲೋಕಸೇವೆಯ ದಾರಿ ಹಿಡಿದರು. ಹಿಡಿದದ್ದನ್ನು ಬಿಡದ ನಿಷ್ಠೆ ಇಬ್ಬರಲ್ಲಿಯೂ ಇತ್ತು.

ಪಾಯಗೌಂಡರು ಸರಕಾರದ ಕಂದಾಯ ಖಾತೆಯಲ್ಲಿ ಕಾರಕೂನರಾಗಿದ್ದರು. ನೌಕರಿಯ ವರ್ಗಾವಣೆಗಳಿಂದಾಗಿ ಮನೆ ಊರಿಂದೂರಿಗೆ ಸಾಗುತ್ತಿತ್ತು. ಬಾಲಕನ ವಿದ್ಯಾಭ್ಯಾಸವೂ ಅದರಂತೆಯೇ ತುಂಡು ತುಂಡಾಗಿ ನಡೆಯಿತು. ಓದಿಗಿಂತ ಈಜು, ಗರಡಿ, ಕುಸ್ತಿಗಳಲ್ಲಿ ಅವರಿಗೆ ಆಸಕ್ತಿ ಹೆಚ್ಚು. ದೇಹ ದೃಢವಾಗಿತ್ತು, ಸ್ವಭಾವ ಹಠಮಾರಿಯಾಗಿತ್ತು. ಈ ಹಠವೇ ಮುಂದೆ ವ್ರತನಿಷ್ಠೆಯಾಗಿ ಮಾಗಿತು.

ಬಾವಿಯ ಪಾಠ

ಜೈನ ಮನೆಯಲ್ಲಿ ಹುಟ್ಟಿದ ಮಗುವು ಅಕ್ಷರ ಕಲಿಯುವ ಮೊದಲೇ ಕಲಿಯುವ ಪಾಠವೊಂದುಂಟು. ಅದು ನೀರಿನ ಪಾಠ. ಸೇದಿದ ನೀರನ್ನು ತಾಯಿಯು ಇಬ್ಬದಿಯ ಬಟ್ಟೆಯಲ್ಲಿ ಸೋಸುವಳು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಚೆಲ್ಲದೆ ಅವು ಬಂದ ಬಾವಿಗೇ ಮೆಲ್ಲನೆ ಮರಳಿಸುವಳು. ಕಣ್ಣಿಗೆ ಕಾಣದ ಜೀವಕ್ಕೂ ತನ್ನ ನೆಲೆಯಲ್ಲಿ ಬಾಳುವ ಅಧಿಕಾರವುಂಟೆಂಬ ಭಾವನೆ ಹೀಗೆ ದಿನದಿನವೂ ಮಗುವಿನ ಕಣ್ಣಮುಂದೆ ಆಚರಣೆಯಾಗುತ್ತದೆ. ಸೂರ್ಯಾಸ್ತದ ಮೊದಲು ಊಟ, ಅಷ್ಟಮಿ ಚತುರ್ದಶಿಗಳ ಉಪವಾಸ, ದಶಲಕ್ಷಣ ಪರ್ವದ ಸಂಯಮ, ಇವೆಲ್ಲವುಗಳ ಮೂಲದಲ್ಲಿ ಇರುವುದು ಇದೇ ಜೀವದಯೆ.

ಆದರೆ ಊರ ಬಾವಿಯ ಕಟ್ಟೆಯ ಮೇಲೆ ಆ ಬಾಲಕನು ಕಂಡ ದೃಶ್ಯ ಬೇರೆ. ಅಸ್ಪೃಶ್ಯರೆನಿಸಿದವರು ಬಾವಿಯನ್ನು ಮುಟ್ಟುವಂತಿರಲಿಲ್ಲ. ಕೊಡ ಹಿಡಿದು ದೂರದಲ್ಲಿ ನಿಂತು, ಯಾರಾದರೂ ಕನಿಕರಿಸಿ ನೀರೆರೆಯುವ ತನಕ ಬಿಸಿಲಿನಲ್ಲಿ ಕಾಯಬೇಕಾಗಿತ್ತು. ಹೀಗೆ ಕಾದು ನಿಂತವರಿಗೆ ನೀರು ಕೊಡದಿದ್ದುದನ್ನು ಕಂಡು ಕೆರಳಿದ ಬಾಲಕನು ಬಾವಿಯ ರಾಟೆಯನ್ನೇ ಕಿತ್ತು ಬಾವಿಯೊಳಗೆ ಎಸೆದನೆಂಬ ಪ್ರಸಂಗವನ್ನು ಅವರ ಜೀವನವೃತ್ತಾಂತಗಳು ಹೇಳುತ್ತವೆ. ಎಲ್ಲರಿಗೂ ದೊರೆಯದ ನೀರು ಯಾರಿಗೂ ಬೇಡವೆಂಬುದು ಹುಡುಗನ ತರ್ಕ. ರಾಟೆಯನ್ನು ಮುರಿದದ್ದು ಹುಡುಗುತನದ ದುಡುಕೆನ್ನಬಹುದು. ಆದರೆ ಬಟ್ಟೆಯ ಮೇಲಿನ ಜೀವಿಯನ್ನು ಬಾವಿಗೆ ಮರಳಿಸುವ ಮನೆಯಲ್ಲಿ ಬೆಳೆದ ಕಣ್ಣಿಗೆ, ಬಾಯಾರಿದ ಮನುಷ್ಯನನ್ನು ಅದೇ ಬಾವಿಯಿಂದ ಅಟ್ಟುವುದು ಸಹ್ಯವಾಗದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಬಾಲ್ಯದ ಇನ್ನೊಂದು ಪ್ರಭಾವ ಮನೆಯ ಹೊರಗಿನದು. ಕುಂಭೋಜದ ಸುತ್ತ ಸತ್ಯಪ್ಪ ಭೋಸಲೆ ಎಂಬ ಬಂಡಾಯಗಾರನು ಅಲೆಯುತ್ತಿದ್ದನೆಂದೂ, ಬಡವರಿಗೆ ಬಂಧುವಾಗಿದ್ದ ಅವನು ಈ ಮಗುವನ್ನು ಎತ್ತಿ ಆಡಿಸಿದನೆಂದೂ ಚರಿತ್ರಕಾರರು ಬರೆದಿರುವರು. ಅವನ ನಿರ್ಭಯತೆ ಬಾಲಕನ ಮನಸ್ಸಿನಲ್ಲಿ ನಾಟಿತು. ಅವನ ಮಾರ್ಗವು ನಾಟಲಿಲ್ಲ. ಅಂಜದ ಗುಣವನ್ನು ಹೊರಗಿನಿಂದಲೂ, ಕೈ ಶುದ್ಧವಾಗಿಟ್ಟುಕೊಳ್ಳುವ ಗುಣವನ್ನು ಮನೆಯಿಂದಲೂ ಪಡೆದುದು ಆ ಬಾಲಕನ ಭಾಗ್ಯ.

ಅಹಿಂಸಾಣುವ್ರತಕ್ಕೆ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಟ್ಟ ಉದಾಹರಣೆಯನ್ನು ಇಲ್ಲಿ ನೆನೆಯುವುದು ಉಚಿತ. ಅವರು ಅಲ್ಲಿ ಹೆಸರಿಸಿದವನು ಮಾತಂಗ. ಕಥೆಯಲ್ಲಿ ಅವನಿಗೆ ಯಮಪಾಲನೆಂದು ಹೆಸರು. ಅರಸನ ಆಜ್ಞೆಯಂತೆ ವಧೆ ಮಾಡುವುದೇ ಅವನ ವೃತ್ತಿ. ಚತುರ್ದಶಿಯ ದಿನ ಯಾವ ಜೀವಿಯನ್ನೂ ಕೊಲ್ಲುವುದಿಲ್ಲವೆಂಬ ಒಂದೇ ವ್ರತ ಅವನದು. ಆ ದಿನವೇ ರಾಜಾಜ್ಞೆ ಬಂದಾಗ ಪ್ರಾಣಕ್ಕೆ ಕುತ್ತು ಬಂದರೂ ಅವನು ವ್ರತವನ್ನು ಬಿಡಲಿಲ್ಲ. ದೇವತೆಗಳು ಅವನನ್ನು ಪೂಜಿಸಿದರು. ಕುಲಮದ, ಜಾತಿಮದಗಳನ್ನು ಅಷ್ಟಮದಗಳಲ್ಲಿ ಎಣಿಸಿ ಸಮ್ಯಗ್ದರ್ಶನಕ್ಕೆ ದೋಷವೆಂದದ್ದೂ ಇದೇ ಗ್ರಂಥ. ಶಾಸ್ತ್ರವು ಹೀಗಿರಲು, ಕಾಲಕ್ರಮದಲ್ಲಿ ಸುತ್ತಲಿನ ಸಮಾಜದ ಮಡಿಮೈಲಿಗೆಗಳು ಜೈನ ಗೃಹಗಳನ್ನೂ ಹೊಕ್ಕು, ವ್ರತದ ಭಾಗವೇ ಎಂಬಂತೆ ನೆಲೆಯೂರಿದ್ದವು. ಭಾವುರಾವರ ಮೊದಲ ಸಂಘರ್ಷ ನಡೆದದ್ದು ಇವುಗಳೊಡನೆ.

ಮಾಡದ ಸ್ನಾನ

ಪ್ರೌಢಶಿಕ್ಷಣಕ್ಕೆಂದು ಅವರು ಕೊಲ್ಹಾಪುರದ ರಾಜಾರಾಮ ಹೈಸ್ಕೂಲು ಸೇರಿ ಜೈನ ಬೋರ್ಡಿಂಗಿನಲ್ಲಿ ಉಳಿದರು. ೧೮೯೯ರಲ್ಲಿ ಆರಂಭವಾದ ದಕ್ಷಿಣ ಭಾರತ ಜೈನ ಸಭೆಯ ಜಾಗೃತಿಯ ಕಾಲವದು. ಬೇಸಾಯಗಾರ ಜೈನರ ಮಕ್ಕಳಿಗೆ ವಿದ್ಯೆ ದೊರೆಯಲೆಂದು ಬೋರ್ಡಿಂಗುಗಳು ಹುಟ್ಟುತ್ತಿದ್ದವು. ಕೊಲ್ಹಾಪುರದ ಬೋರ್ಡಿಂಗಿನ ಮೇಲ್ವಿಚಾರಣೆ ಅಣ್ಣಾಸಾಹೇಬ ಲಠ್ಠೆಯವರದು. ಕುರುಂದವಾಡದಲ್ಲಿ ೧೮೭೮ರಲ್ಲಿ ಜನಿಸಿದ ಲಠ್ಠೆಯವರು ದೊಡ್ಡ ವಿದ್ವಾಂಸರು. ಮುಂದೆ ಕೊಲ್ಹಾಪುರದ ದಿವಾನರೂ, ೧೯೩೭ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಗಳೂ ಆದ ಅವರನ್ನು ಬೆಳಗಾವಿಯ ಕಡೆಯ ಹಿರಿಯರು ಬಲ್ಲರು.

ಆಗ ಕೊಲ್ಹಾಪುರದ ಸಿಂಹಾಸನದಲ್ಲಿದ್ದವರು ಛತ್ರಪತಿ ಶಾಹು ಮಹಾರಾಜರು. ೧೯೦೨ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಶೇಕಡಾ ೫೦ರಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟ ಅರಸರು ಅವರು. ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ೧೯೦೮ರಲ್ಲಿ ಅವರ ಆಶ್ರಯದಲ್ಲಿ ಮಿಸ್ ಕ್ಲಾರ್ಕ್ ಬೋರ್ಡಿಂಗು ಆರಂಭವಾಯಿತು. ಭಾವುರಾವರು ಆ ಬೋರ್ಡಿಂಗಿಗೆ ಹೋಗಿ, ಅಲ್ಲಿಯ ಸಮಾರಂಭದಲ್ಲಿ ಭಾಗವಹಿಸಿ, ತಮ್ಮ ವಸತಿಗೆ ಮರಳಿದರು. ಅಸ್ಪೃಶ್ಯರ ನಡುವೆ ಕುಳಿತು ಬಂದವನು ಸ್ನಾನ ಮಾಡಿ ಶುದ್ಧನಾದ ಮೇಲೆಯೇ ಒಳಗೆ ಬರಬೇಕು, ಪಂಕ್ತಿಗೆ ಕೂಡಬೇಕು ಎಂಬುದು ಅಂದಿನ ರೂಢಿ. ಭಾವುರಾವರು ಸ್ನಾನ ಮಾಡಲು ಒಪ್ಪಲಿಲ್ಲ.

ಒಂದು ಚೊಂಬು ನೀರನ್ನು ತಲೆಯ ಮೇಲೆ ಸುರಿದುಕೊಂಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಆ ನೀರನ್ನು ಸುರಿದುಕೊಳ್ಳುವುದೆಂದರೆ, ತಾನು ಈಗತಾನೆ ಜೊತೆಗೆ ಕುಳಿತು ಬಂದ ಹುಡುಗರನ್ನು ಮೈಲಿಗೆಯೆಂದು ಒಪ್ಪಿಕೊಂಡಂತೆ. ಸ್ನಾನವು ದೇಹಶುದ್ಧಿಗಾದರೆ ಯಾವ ಆಕ್ಷೇಪವೂ ಇಲ್ಲ; ಇನ್ನೊಬ್ಬನ ಅವಮಾನಕ್ಕಾದರೆ ಅದು ಹಿಂಸೆಯೇ ಆಗುತ್ತದೆ. ಎಳೆಯನಿಗೆ ಇದನ್ನು ವಾದಿಸಿ ಗೆಲ್ಲುವ ಪಾಂಡಿತ್ಯವಿರಲಿಲ್ಲ, ನಿರಾಕರಿಸುವ ದೃಢತೆಯಿತ್ತು. ಪರಿಣಾಮವಾಗಿ ಬೋರ್ಡಿಂಗಿನ ಆಶ್ರಯ ತಪ್ಪಿತು. ಧರ್ಮಬಂಧುಗಳ ಮನೆಯಂತಿದ್ದ ವಸತಿಯಿಂದ, ತಾನು ಅಧರ್ಮವನ್ನು ಮಾಡಿಲ್ಲವೆಂಬ ನಂಬಿಕೆಯೊಡನೆ ಹೊರಬೀಳುವುದು ಎಳೆಯ ಮನಸ್ಸಿಗೆ ಎಷ್ಟು ಕಠಿಣವಾಗಿದ್ದೀತೆಂಬುದನ್ನು ಊಹಿಸಬಹುದು. ಶಾಹು ಮಹಾರಾಜರು ಅವರಿಗೆ ಅರಮನೆಯಲ್ಲಿ ಇರಲು ಅವಕಾಶವಿತ್ತರು. ಆ ಸಹವಾಸದಲ್ಲಿ, ಬಡವನ ಮಗನಿಗೆ ಮೊದಲು ಬೇಕಾದದ್ದು ವಸತಿಗೃಹ, ಅನಂತರ ಶಾಲೆ ಎಂಬುದನ್ನು ಅವರು ಕಣ್ಣಾರೆ ಕಂಡರು.

ತಂದೆಯ ಕಟುವಾಕ್ಯ

ಶಾಲೆಯ ವಿದ್ಯೆ ಭಾವುರಾವರಿಗೆ ಕೈಹತ್ತಲಿಲ್ಲ. ಮೆಟ್ರಿಕ್ಕನ್ನೂ ಮುಟ್ಟದೆ ಅಭ್ಯಾಸ ನಿಂತಿತು. ಮುಂದೆ ಕಾಲೇಜುಗಳನ್ನು ಕಟ್ಟಿದವರು ತಾವು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮುಂಬಯಿಗೆ ಹೋಗಿ ರತ್ನಪರೀಕ್ಷೆ ಕಲಿಯುವ ಯತ್ನವೂ ಫಲಿಸಲಿಲ್ಲ. ತಂದೆಯ ಬಳಿಗೆ ಮರಳಿ ಕೆಲಸವಿಲ್ಲದೆ ಕಾಲ ಕಳೆಯುತ್ತಿದ್ದಾಗ, ಸಂಬಳದ ಮೇಲೆ ಸಂಸಾರ ನಡೆಸುವ ಪಾಯಗೌಂಡರು, ಬೆಳೆದ ಮಗನು ದುಡಿಯದೆ ಉಣ್ಣುವುದನ್ನು ಕಟುವಾಗಿ ಆಕ್ಷೇಪಿಸಿದರು. ಮಾತು ಮರ್ಮಕ್ಕೆ ತಾಗಿತು. ಭಾವುರಾವರು ಮನೆ ಬಿಟ್ಟು ಸಾತಾರೆಗೆ ಹೋಗಿ, ಮನೆಪಾಠ ಹೇಳಿ ಬದುಕತೊಡಗಿದರು. ಜನರು ಅವರನ್ನು ಪಾಟೀಲ ಮಾಸ್ತರರೆಂದು ಕರೆದರು.

ತಂದೆಯ ಆ ಮಾತನ್ನು ಅವರು ದ್ವೇಷವಾಗಿ ಇಟ್ಟುಕೊಳ್ಳಲಿಲ್ಲ, ನಿಯಮವಾಗಿ ಇಟ್ಟುಕೊಂಡರು. ದುಡಿಯದೆ ಉಣ್ಣಬಾರದೆಂಬುದು ಅವರ ಶಿಕ್ಷಣಪದ್ಧತಿಯ ಮೂಲಮಂತ್ರವೇ ಆಯಿತು. ವಿದ್ಯಾರ್ಥಿಗಳು ಹೊಲದಲ್ಲಿ ದುಡಿದು, ಕಲ್ಲು ಹೊತ್ತು, ಅಡಿಗೆ ಮಾಡಿ, ತಮ್ಮ ಶಿಕ್ಷಣದ ವೆಚ್ಚವನ್ನು ತಾವೇ ಸಂಪಾದಿಸುವ ಕ್ರಮವನ್ನು ಅವರು ರೂಢಿಗೆ ತಂದರು. ಅನ್ನದಾನವು ಪಡೆಯುವವನನ್ನು ಕುಗ್ಗಿಸಬಾರದೆಂಬ ಎಚ್ಚರ ಇದರ ಹಿಂದಿತ್ತು.

೧೯೧೦ರ ಸುಮಾರಿನಲ್ಲಿ ಸಾಂಗಲಿಯ ಬಳಿಯ ದೂಧಗಾವದಲ್ಲಿ ಅವರು ಗೆಳೆಯರೊಡನೆ ವಿದ್ಯಾರ್ಥಿ ಆಶ್ರಮವೊಂದನ್ನು ತೆರೆದರು. ಎಲ್ಲ ಜಾತಿಯ ಹುಡುಗರಿಗೂ ಅಲ್ಲಿ ಪ್ರವೇಶ. ಹಣವಿರಲಿಲ್ಲ, ಅದಕ್ಕಾಗಿ ಮುಷ್ಟಿಧಾನ್ಯದ ಕ್ರಮ ಹುಟ್ಟಿತು. ಮನೆಯ ಗೃಹಿಣಿಯು ನಿತ್ಯ ಬಳಕೆಯ ಕಾಳಿನಿಂದ ಒಂದು ಹಿಡಿಯನ್ನು ತೆಗೆದಿರಿಸುವಳು. ಹೀಗೆ ಕೂಡಿದ ಕಾಳಿನಿಂದ ಹುಡುಗರ ಊಟ ನಡೆಯುವುದು. ಬಾಹ್ಯತಪಸ್ಸುಗಳಲ್ಲಿ ಅನಶನದ ಅನಂತರ ಬರುವುದು ಅವಮೌದರ್ಯ, ಅಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ಮನೆಯವರು ಒಂದು ತುತ್ತು ಕಡಿಮೆ ಉಂಡದ್ದು ಮತ್ತೊಂದು ಮಗುವಿನ ತುತ್ತಾಗುವುದಾದರೆ, ಆ ತಪಸ್ಸಿಗೆ ದಾನವೂ ಕೂಡಿಕೊಂಡಿತು.

ಸತ್ಯದ ಒರೆಗಲ್ಲು

೧೯೧೪ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜವಂಶದವರ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಆ ಪ್ರಕರಣದಲ್ಲಿ ಲಠ್ಠೆಯವರನ್ನು ಸಿಲುಕಿಸಲು ಅಧಿಕಾರಿಗಳು ಸಾಕ್ಷಿಯನ್ನು ಹುಡುಕುತ್ತಿದ್ದರು. ಹಿಂದೆ ಲಠ್ಠೆಯವರ ಕೈಕೆಳಗೆ ಇದ್ದು ಬೋರ್ಡಿಂಗಿನಿಂದ ಹೊರಬಿದ್ದ ಭಾವುರಾವರು ಸುಲಭವಾಗಿ ಒಪ್ಪುವರೆಂದು ಅವರಿಗೆ ತೋರಿರಬೇಕು. ಸುಳ್ಳು ಸಾಕ್ಷಿ ಹೇಳೆಂದು ಒತ್ತಾಯಿಸಿದರು. ಭಾವುರಾವರು ಒಪ್ಪಲಿಲ್ಲ. ಅವರನ್ನೇ ಸೆರೆಗೆ ತಳ್ಳಿ ಹಿಂಸಿಸಿದರು. ಆ ಯಾತನೆಯಲ್ಲಿ ಪ್ರಾಣತ್ಯಾಗಕ್ಕೂ ಮುಂದಾಗುವಷ್ಟು ನೊಂದರು. ಆದರೆ ಸುಳ್ಳನ್ನು ನುಡಿಯಲಿಲ್ಲ.

ತನ್ನನ್ನು ಹೊರಗೆ ಹಾಕಿದ ವಸತಿಯ ಮೇಲ್ವಿಚಾರಕರ ವಿರುದ್ಧ ಒಂದು ಮಾತು ಆಡಿದ್ದರೆ ಸೆರೆಯೂ ತಪ್ಪುತ್ತಿತ್ತು, ಹಳೆಯ ಕಹಿಗೆ ಸೇಡೂ ತೀರುತ್ತಿತ್ತು. ಅಂಥ ಹೊತ್ತಿನಲ್ಲಿ ನಾಲಗೆಯನ್ನು ಕಾಯುವುದೇ ಸತ್ಯಾಣುವ್ರತದ ಒರೆಗಲ್ಲು. ಬೋರ್ಡಿಂಗಿನ ನಿಯಮವನ್ನು ಮುರಿದವನೆಂದು ಹೆಸರಾದ ಯುವಕನು, ಆ ನಿಯಮಗಳಿಗೆ ಮೂಲವಾದ ವ್ರತವನ್ನು ಹೀಗೆ ಉಳಿಸಿದನು.

ಸೆರೆಯಿಂದ ಬಿಡುಗಡೆಯಾದ ಮೇಲೆ ಅವರು ಕೆಲಕಾಲ ಓಗಲೆ ಕಾರಖಾನೆಯ ಕಂದೀಲುಗಳನ್ನೂ ಕಿರ್ಲೋಸ್ಕರ ಕಾರಖಾನೆಯ ಕಬ್ಬಿಣದ ನೇಗಿಲುಗಳನ್ನೂ ಮಾರುತ್ತ ಹಳ್ಳಿಹಳ್ಳಿ ಸುತ್ತಿದರು. ನೇಗಿಲು ಕೊಳ್ಳುವ ರೈತನ ಮನೆಯಲ್ಲಿ ಅಕ್ಷರ ಬಲ್ಲವರೇ ಇಲ್ಲದುದನ್ನು ಕಂಡರು. ಮಹಾತ್ಮಾ ಜೋತಿರಾವ ಫುಲೆಯವರು ೧೮೭೩ರಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜದ ವಿಚಾರಗಳು ಅವರನ್ನು ಸೆಳೆದಿದ್ದವು. ೧೯೧೯ರ ಅಕ್ಟೋಬರ್ ೪ರಂದು ಕರಾಡ ತಾಲೂಕಿನ ಕಾಲೆ ಎಂಬಲ್ಲಿ ರಯತ ಶಿಕ್ಷಣ ಸಂಸ್ಥೆ ಜನ್ಮತಾಳಿತು. ೧೯೨೪ರಲ್ಲಿ ಅದರ ಕೇಂದ್ರವು ಸಾತಾರೆಗೆ ಬಂದಿತು.

ಲಕ್ಷ್ಮೀಬಾಯಿಯವರ ತ್ಯಾಗ

ಮನೆತನದ ಪ್ರಭಾವವನ್ನು ಹೇಳುವಾಗ ತಾಯಿತಂದೆಗಳ ಮಾತಿಗೆ ಮುಗಿಸಿದರೆ ಅರ್ಧವನ್ನೇ ಹೇಳಿದಂತೆ. ಭಾವುರಾವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ಕುಂಭೋಜದ ಪಾಟೀಲ ಮನೆತನದವರು. ತವರಿನ ಹೆಸರು ಆದಕ್ಕ. ಸಂಪ್ರದಾಯನಿಷ್ಠ ಜೈನ ಗೃಹದಲ್ಲಿ, ಅನುಕೂಲಸ್ಥರ ಮಗಳಾಗಿ, ಮೈತುಂಬ ಬಂಗಾರ ತೊಟ್ಟು ಗಂಡನ ಮನೆಗೆ ಬಂದವರು. ಅಡಿಗೆಮನೆಯ ಮಡಿಯನ್ನು ಧರ್ಮವೆಂದೇ ನಂಬಿ ಬೆಳೆದ ಅವರ ಮನೆಗೆ ಪತಿಯು ಒಬ್ಬೊಬ್ಬರಾಗಿ ಬೇರೆ ಬೇರೆ ಜಾತಿಯ ಹುಡುಗರನ್ನು ತಂದು ಬಿಡುತ್ತ ಹೋದರು. ಜೈನ, ಮರಾಠಾ, ಮುಸಲ್ಮಾನ, ಮಹಾರ, ಮಾಂಗ ಬಾಲಕರು ಒಂದೇ ಸೂರಿನಡಿ ಉಣ್ಣುವ ಮನೆ ಅದಾಯಿತು.

ಇದು ಲಕ್ಷ್ಮೀಬಾಯಿಯವರಿಗೆ ಸುಲಭವಾಗಿರಲಿಲ್ಲ. ಪುರುಷನು ಹೊರಗೆ ಸಭೆಯಲ್ಲಿ ಸಮಾನತೆಯನ್ನು ಸಾರಬಹುದು; ಅದನ್ನು ಒಲೆಯ ಮುಂದೆ ಆಚರಿಸಬೇಕಾದವಳು ಗೃಹಿಣಿ. ಬಾಲ್ಯದಿಂದ ಬಂದ ರೂಢಿಯನ್ನು ಅವರು ಮನಸ್ಸಿನೊಡನೆ ಹೋರಾಡಿ ಬಿಟ್ಟರು. ಜ್ವರದಿಂದ ಮಲಗಿದ ಮಗುವಿನ ಹಣೆ ಮುಟ್ಟುವಾಗ ಜಾತಿಯನ್ನು ಕೇಳುವ ತಾಯಿಯಿಲ್ಲ. ಕಾಲಕ್ರಮದಲ್ಲಿ ಅವರು ಆ ಹುಡುಗರೆಲ್ಲರಿಗೂ ತಾಯಿಯಾದರು.

ಸಂಸ್ಥೆಗೆ ಹಣದ ಮುಗ್ಗಟ್ಟು ಬಂದಾಗಲೆಲ್ಲ ಅವರ ಮೈಮೇಲಿನ ಒಂದೊಂದು ಒಡವೆ ಕರಗಿತು. ಕೊನೆಗೆ ಒಂದು ದಿನ ಪತಿಯು ಊರಲ್ಲಿಲ್ಲದಾಗ ಬೋರ್ಡಿಂಗಿನಲ್ಲಿ ಕಾಳು ಮುಗಿಯಿತು. ಹುಡುಗರು ಹಸಿದಿದ್ದರು. ಮನೆಯಲ್ಲಿ ಉಳಿದಿದ್ದ ಬಂಗಾರವೆಂದರೆ ಕೊರಳಿನ ಮಂಗಳಸೂತ್ರ. ಅದನ್ನೇ ಬಿಚ್ಚಿಕೊಟ್ಟು ಧಾನ್ಯವನ್ನು ತರಿಸಿದರು. ಮುತ್ತೈದೆಯು ಮಂಗಳಸೂತ್ರವನ್ನು ತೆಗೆಯುವುದೆಂದರೆ ಆ ಕಾಲದಲ್ಲಿ ಎಷ್ಟು ದೊಡ್ಡ ಮಾತೆಂಬುದನ್ನು ಶ್ರಾವಿಕೆಯರಿಗೆ ವಿವರಿಸಬೇಕಾಗಿಲ್ಲ. ೧೯೩೦ರಲ್ಲಿ, ಸಂಸ್ಥೆಯು ಇನ್ನೂ ಎಳೆಯದಾಗಿದ್ದಾಗಲೇ, ಲಕ್ಷ್ಮೀಬಾಯಿಯವರು ದೇಹಬಿಟ್ಟರು. ತಾವು ಉಣ್ಣಿಸಿದ ಹುಡುಗರು ದೊಡ್ಡವರಾಗಿ ಬೆಳಗಿದ್ದನ್ನು ಅವರು ಕಾಣಲಿಲ್ಲ.

ಗದಗು, ಬಿಂಕದಕಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಕಡೆಯ ಶ್ರಾವಿಕೆಯರಿಗೆ ಇಂಥ ತ್ಯಾಗದ ಪರಂಪರೆ ಅಪರಿಚಿತವಲ್ಲ. ಅನತಿದೂರದ ಲಕ್ಕುಂಡಿಯಲ್ಲಿ ೧೦೦೭ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ತನ್ನ ಸಂಪತ್ತನ್ನು ಧರ್ಮಕ್ಕೆ ಸಲ್ಲಿಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಂದು ಅದು ಶಾಸ್ತ್ರದಾನ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಸಾತಾರೆಯ ಆ ಮನೆಯಲ್ಲಿ ಕೂಡಿಸಿ ನೋಡಬಹುದು. ಹಸಿದವರಿಗೆ ರೊಟ್ಟಿ, ಬೇನೆಯವರಿಗೆ ಆರೈಕೆ, ಊರಿನಿಂದ ಅಟ್ಟಿಸಿಕೊಂಡವರಿಗೆ ಆಶ್ರಯ, 'ಮುಟ್ಟಬಾರದವರು' ಎನಿಸಿದವರಿಗೆ ಅಕ್ಷರ. ಪರಿಗ್ರಹಪರಿಮಾಣವನ್ನು ವ್ರತವಾಗಿ ತೊಟ್ಟವರು ಅನೇಕರು. ಪರಿಗ್ರಹವನ್ನು ಕೊರಳಿನ ಕೊನೆಯ ಎಳೆಯವರೆಗೆ ಇಳಿಸಿಕೊಂಡವರು ವಿರಳ.

ಬೆಳೆದ ಆಲ

೧೯೨೭ರ ಫೆಬ್ರವರಿಯಲ್ಲಿ ಮಹಾತ್ಮಾ ಗಾಂಧೀಜಿಯವರು ಸಾತಾರೆಗೆ ಬಂದು ಆ ಬೋರ್ಡಿಂಗಿಗೆ ಛತ್ರಪತಿ ಶಾಹು ಮಹಾರಾಜರ ಹೆಸರಿಟ್ಟು ಹರಸಿದರು. ಎಲ್ಲ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದುದನ್ನು ಕಂಡು ಅವರು ಸಂತುಷ್ಟರಾದರು. ಗಾಂಧೀಜಿಯವರ ಪ್ರಭಾವದಿಂದ ಭಾವುರಾವರು ಖಾದಿಯನ್ನು ವ್ರತವಾಗಿ ಸ್ವೀಕರಿಸಿ ಕೊನೆಯತನಕ ನಡೆಸಿದರು.

ಸಾಗರದಾಚೆಯ ಅಮೇರಿಕದಲ್ಲಿ, ಗುಲಾಮಗಿರಿಯಲ್ಲಿ ೧೮೫೬ರಲ್ಲಿ ಹುಟ್ಟಿದ ಬುಕರ್ ಟಿ. ವಾಷಿಂಗ್ಟನ್‌ರು ೧೮೮೧ರಲ್ಲಿ ಅಲಬಾಮಾ ಪ್ರಾಂತದ ಟಸ್ಕೀಗಿಯಲ್ಲಿ ಕರಿಯ ಜನರಿಗಾಗಿ ಶಾಲೆಯನ್ನು ತೆರೆದರು. ಅಲ್ಲಿಯ ವಿದ್ಯಾರ್ಥಿಗಳು ಇಟ್ಟಿಗೆ ಸುಟ್ಟು ತಮ್ಮ ಶಾಲೆಯ ಕಟ್ಟಡಗಳನ್ನು ತಾವೇ ಕಟ್ಟಿದರು. ಭಾವುರಾವರ ದುಡಿದು ಕಲಿಯುವ ಪದ್ಧತಿಯನ್ನು ಅನೇಕರು ಇದರೊಡನೆ ಹೋಲಿಸುವರು. ತುಳಿತಕ್ಕೆ ಒಳಗಾದವನು ತನ್ನ ಕೈಯ ದುಡಿಮೆಯಿಂದ ತಲೆ ಎತ್ತಬೇಕೆಂಬ ವಿಚಾರ ಇಬ್ಬರಲ್ಲಿಯೂ ಒಂದೇ. ಅಲ್ಲಿ ಚರ್ಮದ ಬಣ್ಣ ಅಡ್ಡಗೋಡೆಯಾಗಿತ್ತು, ಇಲ್ಲಿ ಹುಟ್ಟಿದ ಕುಲ.

ಸಂಸ್ಥೆಯ ಲಾಂಛನವಾದ ಆಲದ ಮರದಂತೆಯೇ ಅದರ ಬಿಳಲುಗಳು ಇಳಿದವು. ೧೯೩೫ರಲ್ಲಿ ಶಿಕ್ಷಕರ ತರಬೇತಿ ವಿದ್ಯಾಲಯ, ೧೯೪೦ರಲ್ಲಿ ಸಾತಾರೆಯ ಮಹಾರಾಜಾ ಸಯಾಜಿರಾವ ಹೈಸ್ಕೂಲು, ೧೯೪೭ರಲ್ಲಿ ಛತ್ರಪತಿ ಶಿವಾಜಿ ಕಾಲೇಜು, ೧೯೫೪ರಲ್ಲಿ ಕರಾಡದ ಸದ್ಗುರು ಗಾಡಗೆ ಮಹಾರಾಜ ಕಾಲೇಜು. ೧೯೪೮ರಲ್ಲಿ ಗಾಂಧೀಜಿಯವರ ಹತ್ಯೆಯಾದಾಗ ಅವರು ಇನ್ನೊಂದು ವ್ರತವನ್ನು ತೊಟ್ಟರು: ಗಾಂಧೀಜಿಯವರ ಹೆಸರಿನಲ್ಲಿ ೧೦೧ ಹೈಸ್ಕೂಲುಗಳನ್ನು ತೆರೆಯುವುದು. ಆಗ ಅವರಿಗೆ ೬೦ ವರ್ಷ ದಾಟಿತ್ತು. ಶೋಕವನ್ನು ಸಂಕಲ್ಪವಾಗಿ ತಿರುಗಿಸುವ ಈ ಅಭ್ಯಾಸವೂ ವ್ರತಿಗಳ ಮನೆಯದೇ.

ಶಿವಾಜಿ ಕಾಲೇಜಿಗೆ ದೊಡ್ಡ ದೇಣಿಗೆ ಕೊಡುವೆನೆಂದೂ, ಕಾಲೇಜಿಗೆ ತನ್ನ ಹೆಸರನ್ನು ಇಡಬೇಕೆಂದೂ ಒಬ್ಬ ಧನಿಕರು ಕೇಳಿದಾಗ, ಹಣದ ಅಗತ್ಯ ಎಷ್ಟಿದ್ದರೂ ಭಾವುರಾವರು ಹೆಸರನ್ನು ಬದಲಿಸಲು ಒಪ್ಪಲಿಲ್ಲವೆಂದು ಹೇಳುವರು. ತಾವು ಬೆಳೆಸಿದ ಶಾಲೆ ಕಾಲೇಜುಗಳಿಗೆ ಅವರು ಹಿರಿಯರ ಹೆಸರುಗಳನ್ನು ಆರಿಸಿದರು. ೧೯೫೯ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣವನ್ನೂ ಪುಣೆ ವಿಶ್ವವಿದ್ಯಾಲಯವು ಡಿ.ಲಿಟ್. ಪದವಿಯನ್ನೂ ಇತ್ತು ಗೌರವಿಸಿದವು. ಅದೇ ವರ್ಷ ಮೇ ೯ರಂದು ಅವರು ಪುಣೆಯಲ್ಲಿ ಕಾಲವಶರಾದರು. ಇಂದು ರಯತ ಶಿಕ್ಷಣ ಸಂಸ್ಥೆಗೆ ೭೦೦ಕ್ಕೂ ಮಿಕ್ಕಿ ಶಾಖೆಗಳಿವೆ. ಸೊಲ್ಲಾಪುರದ ಮಹಿಳಾ ಮಹಾವಿದ್ಯಾಲಯವೊಂದು ಲಕ್ಷ್ಮೀಬಾಯಿಯವರ ಹೆಸರನ್ನು ಹೊತ್ತು ನಡೆಯುತ್ತಿದೆ. ಮಂಗಳಸೂತ್ರ ಮಾರಿ ಹುಡುಗರಿಗೆ ಉಣ್ಣಿಸಿದ ತಾಯಿಯ ಹೆಸರಿನಲ್ಲಿ ಹೆಣ್ಣುಮಕ್ಕಳು ಪದವಿ ಪಡೆಯುತ್ತಿರುವರು.

ಭಾವುರಾವರು ಶಾಸ್ತ್ರವನ್ನು ವ್ಯಾಖ್ಯಾನಿಸಿದವರಲ್ಲ, ಧರ್ಮೋಪದೇಶಕರೂ ಅಲ್ಲ. ಮನೆಯಲ್ಲಿ ಕಂಡ ಜೀವದಯೆಯನ್ನು ಬೀದಿಗೆ ಕೊಂಡೊಯ್ದರು. ದುಡಿಯದೆ ಉಣ್ಣಬಾರದೆಂಬ ತಂದೆಯ ಮಾತನ್ನು ಶಾಲೆಯಾಗಿ ಕಟ್ಟಿದರು. ಪತ್ನಿಯ ತ್ಯಾಗವನ್ನು ಸಾವಿರಾರು ಮಕ್ಕಳ ಅನ್ನವಾಗಿಸಿದರು. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರುವ ಗೃಹಗಳಲ್ಲಿ, ಪರ್ವದ ದಿನಗಳಲ್ಲಿ ಒಂದು ಹಿಡಿ ಕಾಳನ್ನು ತೆಗೆದಿರಿಸಿ ಓದುವ ಬಡ ಮಗುವಿಗೆ ಮುಟ್ಟಿಸುವುದು ಇಂದಿಗೂ ಕಷ್ಟದ ನಿಯಮವಲ್ಲ. ಆ ಮಗು ಯಾವ ಕುಲದ್ದೆಂದು ಕೇಳದೆ ಕೊಡುವುದು ಅದಕ್ಕಿಂತ ಸ್ವಲ್ಪ ಕಷ್ಟ. ವ್ರತದ ತೂಕವಿರುವುದು ಆ ಎರಡನೆಯ ಭಾಗದಲ್ಲಿ.